ಕರ್ನಾಟಕದ ವೃತ್ತಿ ರಂಗಭೂಮಿ ಹಾಗೂ ಚಲನಚಿತ್ರ ಕಲಾವಿದರು: ಜೀವನ ಮತ್ತು ಸಾಧನೆ

ಪೀಠಿಕೆ

ಕನ್ನಡ ಚಲನಚಿತ್ರದ ಮೊದಲ ತಲೆಮಾರಿನ ಕಲಾವಿದರಲ್ಲಿ ಬಹುತೇಕರು ವೃತ್ತಿ ನಾಟಕ ಕಂಪನಿಗಳಿಂದ ಬಂದವರು. ಊರಿಂದೂರಿಗೆ ಸಂಚರಿಸುತ್ತಿದ್ದ ಈ ಕಂಪನಿಗಳು ಸುಮಾರು ಒಂದು ಶತಮಾನ ಕಾಲ ನಾಡಿನ ಜನತೆಗೆ ಮನರಂಜನೆಯನ್ನೂ, ಪುರಾಣ ಇತಿಹಾಸಗಳ ಪರಿಚಯವನ್ನೂ ಒದಗಿಸಿದವು. ನಟನೆ, ಸಂಗೀತ, ಸಂಭಾಷಣೆ, ಪರದೆ ಚಿತ್ರಣ, ವೇಷಭೂಷಣ ಮೊದಲಾದ ವಿದ್ಯೆಗಳಿಗೆ ಇವೇ ಪಾಠಶಾಲೆಗಳಾಗಿದ್ದವು. ಈ ಪರಂಪರೆಯಲ್ಲಿ ಬೆಳೆದು ರಂಗಭೂಮಿ ಮತ್ತು ಬೆಳ್ಳಿತೆರೆ ಎರಡರಲ್ಲಿಯೂ ಹೆಸರು ಗಳಿಸಿದ ಪ್ರಮುಖ ಕಲಾವಿದರ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ. ಕಲಾವಿದರ ಮಾಸಾಶನ, ಪ್ರಶಸ್ತಿ ಮೊದಲಾದವುಗಳಿಗೆ ಅರ್ಜಿ ಸಲ್ಲಿಸುವ ಹಿರಿಯ ಕಲಾವಿದರಿಗೂ ಅವರ ಕುಟುಂಬದವರಿಗೂ ಉಪಯುಕ್ತವಾಗಬಹುದಾದ ಕೆಲವು ಅಂಶಗಳನ್ನು ಲೇಖನದ ಕೊನೆಯಲ್ಲಿ ಸೇರಿಸಲಾಗಿದೆ.

ವೃತ್ತಿ ನಾಟಕ ಕಂಪನಿಗಳ ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕರ್ನಾಟಕದ ಎರಡು ಭಾಗಗಳಲ್ಲಿ ಆಧುನಿಕ ಕನ್ನಡ ರಂಗಭೂಮಿಯು ರೂಪುಗೊಂಡಿತು. ಗದಗ ಭಾಗದಲ್ಲಿ ಶಾಂತಕವಿಗಳು ಕನ್ನಡ ನಾಟಕಗಳನ್ನು ರಚಿಸಿ ಮಂಡಳಿಯನ್ನು ಕಟ್ಟಿ ಪ್ರದರ್ಶನಗಳನ್ನು ಏರ್ಪಡಿಸಿದರು. ಮರಾಠಿ ನಾಟಕಗಳ ಪ್ರಭಾವವು ಪ್ರಬಲವಾಗಿದ್ದ ಆ ಕಾಲದಲ್ಲಿ ಇದು ಭಾಷಾಭಿಮಾನದ ಕಾರ್ಯವೂ ಆಗಿತ್ತು. ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ನಾಟಕ ಸಭೆಯು ಸ್ಥಾಪನೆಗೊಂಡು, ಬಸವಪ್ಪ ಶಾಸ್ತ್ರಿಗಳಂತಹ ವಿದ್ವಾಂಸರು ಸಂಸ್ಕೃತ ನಾಟಕಗಳನ್ನು ಕನ್ನಡಕ್ಕೆ ತಂದರು. ಮುಂದೆ ಎ.ವಿ. ವರದಾಚಾರ್ಯರು (1869-1926) ರತ್ನಾವಳಿ ನಾಟಕ ಕಂಪನಿಯ ಮೂಲಕ ಅಭಿನಯ ಹಾಗೂ ಸಂಗೀತಗಳೆರಡರಲ್ಲಿಯೂ ಉನ್ನತ ಮಟ್ಟವನ್ನು ಸ್ಥಾಪಿಸಿದರು. ಚಂದ್ರಕಲಾ ನಾಟಕ ಮಂಡಳಿಯ ಮಹಮದ್ ಪೀರ್ ಅವರು ಶುದ್ಧ ಕನ್ನಡ ಉಚ್ಚಾರಣೆಗೂ ಗಂಭೀರ ಅಭಿನಯಕ್ಕೂ ಪ್ರಸಿದ್ಧರಾಗಿದ್ದರು.

ಕಂಪನಿಯು ಒಂದು ಊರಿನಲ್ಲಿ ಹಾಕುತ್ತಿದ್ದ ಬಿಡಾರವನ್ನು ಮೊಕ್ಕಾಂ ಅಥವಾ ಕ್ಯಾಂಪ್ ಎಂದು ಕರೆಯುವುದು ರೂಢಿ. ತಗಡು, ಬಿದಿರು ಮತ್ತು ತಟ್ಟಿಗಳಿಂದ ತಾತ್ಕಾಲಿಕ ರಂಗಮಂದಿರವನ್ನು ನಿರ್ಮಿಸಿ, ಜನರು ಬರುತ್ತಿರುವವರೆಗೆ ಅಲ್ಲಿ ನಾಟಕಗಳನ್ನು ಆಡಿ, ಕಲೆಕ್ಷನ್ ಇಳಿಮುಖವಾದಾಗ ಮತ್ತೊಂದು ಊರಿಗೆ ಹೊರಡುತ್ತಿದ್ದರು. ಮಾಲೀಕರು, ನಟರು, ಹಾರ್ಮೋನಿಯಂ ಮಾಸ್ತರರು, ತಬಲಾ ವಾದಕರು, ಪರದೆ ಎಳೆಯುವವರು, ಅಡಿಗೆಯವರು ಎಲ್ಲರೂ ಒಂದೇ ಕುಟುಂಬದಂತೆ ಬಾಳುತ್ತಿದ್ದರು. ಎಳೆಯ ವಯಸ್ಸಿನಲ್ಲಿಯೇ ಕಂಪನಿಗೆ ಸೇರಿದ ಬಾಲಕರು ಮೊದಲು ಬಾಲಪಾತ್ರಗಳನ್ನೂ, ಅನಂತರ ಸ್ತ್ರೀಪಾತ್ರಗಳನ್ನೂ, ಕಂಠ ಒಡೆದ ಮೇಲೆ ಇತರ ಪಾತ್ರಗಳನ್ನೂ ನಿರ್ವಹಿಸುತ್ತಿದ್ದರು. ಶಾಲೆಯ ಮುಖ ಕಾಣದ ಅನೇಕರು ನಾಟಕದ ಹಸ್ತಪ್ರತಿಗಳಿಂದಲೇ ಅಕ್ಷರ ಕಲಿತರು. ಮಳೆಗಾಲವು ಕಂಪನಿಗಳ ಪಾಲಿಗೆ ಕಷ್ಟಕಾಲವಾಗಿತ್ತು. ಪ್ರದರ್ಶನ ನಿಂತರೆ ಸಂಬಳವೂ ನಿಲ್ಲುತ್ತಿತ್ತು. ಆಗ ಬಿಡಾರದ ಊಟವೇ ಕಲಾವಿದರಿಗೆ ಆಧಾರವಾಗಿತ್ತು.

ಗುಬ್ಬಿ ವೀರಣ್ಣ (1891-1972)

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಪ್ರಾರಂಭವಾಯಿತು. ಇದೇ ಮುಂದೆ ಗುಬ್ಬಿ ಕಂಪನಿ ಎಂದು ನಾಡಿನಾದ್ಯಂತ ಮನೆಮಾತಾಯಿತು. ಬಾಲನಟನಾಗಿ ಸಂಘವನ್ನು ಸೇರಿದ ವೀರಣ್ಣನವರು 1917ರಲ್ಲಿ ಅದರ ಮಾಲೀಕತ್ವವನ್ನು ವಹಿಸಿಕೊಂಡರು. ಹಾಸ್ಯ ಪಾತ್ರಗಳಲ್ಲಿ ಅವರಿಗೆ ಅಪಾರ ಕೀರ್ತಿ ಲಭಿಸಿತು. ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ ನಾಟಕದ ಕಳ್ಳನ ಪಾತ್ರವನ್ನು ನೋಡಲೆಂದೇ ಜನರು ದೂರದ ಊರುಗಳಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ವೀರಣ್ಣನವರು ರಂಗಸಜ್ಜಿಕೆಯಲ್ಲಿ ಅದುವರೆಗೆ ಯಾರೂ ಕೈಗೊಳ್ಳದಿದ್ದ ಪ್ರಯೋಗಗಳನ್ನು ನಡೆಸಿದರು. 1930ರ ದಶಕದ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆ ಹಾಗೂ ರಥಗಳನ್ನು ರಂಗದ ಮೇಲೆ ತಂದದ್ದು ಅವರ ಸಾಹಸಗಳಲ್ಲಿ ಪ್ರಮುಖವಾದುದು. ಸ್ತ್ರೀಪಾತ್ರಗಳನ್ನು ಪುರುಷರೇ ನಿರ್ವಹಿಸುತ್ತಿದ್ದ ಕಾಲದಲ್ಲಿ ಮಹಿಳೆಯರಿಗೆ ರಂಗದ ಮೇಲೆ ಗೌರವದ ಸ್ಥಾನ ಕಲ್ಪಿಸಿದ ಮಾಲೀಕರಲ್ಲಿ ಅವರು ಒಬ್ಬರು. ಮೂಕಿ ಚಿತ್ರಗಳ ಕಾಲದಲ್ಲಿಯೇ ಚಿತ್ರ ನಿರ್ಮಾಣಕ್ಕೆ ಕೈಹಾಕಿದ ಅವರು, ಮುಂದೆ ‘ಸುಭದ್ರಾ’ (1941), ‘ಜೀವನ ನಾಟಕ’ (1942), ‘ಹೇಮರೆಡ್ಡಿ ಮಲ್ಲಮ್ಮ’, ‘ಗುಣಸಾಗರಿ’ (1953) ಮೊದಲಾದ ವಾಕ್ಚಿತ್ರಗಳೊಂದಿಗೆ ಸಂಬಂಧ ಹೊಂದಿದ್ದರು.

ಮೈಸೂರು ಅರಮನೆಯಿಂದ ‘ನಾಟಕರತ್ನ’ ಎಂಬ ಬಿರುದು, ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಹಾಗೂ 1972ರಲ್ಲಿ ಪದ್ಮಶ್ರೀ ಗೌರವ ಇವರಿಗೆ ಸಂದವು. ಅದೇ ವರ್ಷ ಅವರು ನಿಧನ ಹೊಂದಿದರು. ‘ಕಲೆಯೇ ಕಾಯಕ’ ಇವರ ಆತ್ಮಕಥೆ. ರಂಗಭೂಮಿಯಲ್ಲಿ ಗಣನೀಯ ಸೇವೆ ಸಲ್ಲಿಸಿದವರಿಗೆ ರಾಜ್ಯ ಸರ್ಕಾರವು ನೀಡುವ ಪ್ರಶಸ್ತಿಯು ಗುಬ್ಬಿ ವೀರಣ್ಣನವರ ಹೆಸರಿನಲ್ಲಿದೆ.

ಬಿ. ಜಯಮ್ಮ (1915-1988)

ಚಿಕ್ಕಮಗಳೂರಿನವರಾದ ಜಯಮ್ಮನವರು ಗುಬ್ಬಿ ಕಂಪನಿಯ ಪ್ರಮುಖ ನಟಿಯಾಗಿಯೂ ಗಾಯಕಿಯಾಗಿಯೂ ಪ್ರಸಿದ್ಧರಾದರು. ಇವರು ವೀರಣ್ಣನವರ ಪತ್ನಿ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಸಾವಿರಾರು ಪ್ರೇಕ್ಷಕರಿಗೆ ಕೇಳಿಸುವಂತೆ ಹಾಡುತ್ತ ಅಭಿನಯಿಸುವ ಶಕ್ತಿ ಆ ತಲೆಮಾರಿನ ನಟಿಯರಿಗೆ ಅನಿವಾರ್ಯವಾಗಿತ್ತು. ‘ಹೇಮರೆಡ್ಡಿ ಮಲ್ಲಮ್ಮ’, ‘ಗುಣಸಾಗರಿ’ ಮೊದಲಾದ ಕನ್ನಡ ಚಿತ್ರಗಳಲ್ಲದೆ ತೆಲುಗಿನ ‘ಸ್ವರ್ಗಸೀಮ’ (1945) ಚಿತ್ರದಲ್ಲಿಯೂ ಇವರ ಅಭಿನಯವು ಮೆಚ್ಚುಗೆ ಗಳಿಸಿತು.

ಮೊದಲ ಕನ್ನಡ ವಾಕ್ಚಿತ್ರ ಮತ್ತು ಅದರ ಕಲಾವಿದರು

1934ರ ಮಾರ್ಚ್ 3ರಂದು ಬಿಡುಗಡೆಯಾದ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರವೆಂದು ಪರಿಗಣಿಸಲ್ಪಟ್ಟಿದೆ. ವೈ.ವಿ. ರಾವ್ ಇದರ ನಿರ್ದೇಶಕರು. ಚಮನ್‌ಲಾಲ್ ಡೂಂಗಾಜಿ ನಿರ್ಮಾಪಕರು. ಕರ್ನಾಟಕದಲ್ಲಿ ಸೂಕ್ತವಾದ ಸ್ಟುಡಿಯೋ ಇಲ್ಲದಿದ್ದುದರಿಂದ ಚಿತ್ರೀಕರಣವು ಕೊಲ್ಹಾಪುರದಲ್ಲಿ ನಡೆಯಿತು. ಸಾಹಿತ್ಯವನ್ನು ಬೆಳ್ಳಾವೆ ನರಹರಿ ಶಾಸ್ತ್ರಿಗಳು ಒದಗಿಸಿದರು. ಆರ್. ನಾಗೇಂದ್ರರಾಯರು ರಾವಣನಾಗಿ, ಎಂ.ವಿ. ಸುಬ್ಬಯ್ಯ ನಾಯ್ಡು ಅವರು ಇಂದ್ರಜಿತುವಾಗಿ, ತ್ರಿಪುರಾಂಬ ಅವರು ಸುಲೋಚನೆಯಾಗಿ ಅಭಿನಯಿಸಿದರು. ಹೀಗೆ ಕನ್ನಡದ ಮೊದಲ ವಾಕ್ಚಿತ್ರವು ಕಥೆ, ಮಾತು, ಹಾಡು, ನಟವರ್ಗ ಎಲ್ಲದರಲ್ಲಿಯೂ ವೃತ್ತಿ ರಂಗಭೂಮಿಯ ಕೊಡುಗೆಯಾಗಿತ್ತು. ಈ ಚಿತ್ರದ ಪ್ರತಿಯು ಇಂದು ಲಭ್ಯವಿಲ್ಲ. ಅದರಲ್ಲಿ ದುಡಿದವರ ನೆನಪುಗಳು, ಸ್ಥಿರಚಿತ್ರಗಳು ಮತ್ತು ಅಂದಿನ ಪತ್ರಿಕೆಗಳೇ ನಮಗೆ ಉಳಿದಿರುವ ಆಧಾರಗಳು.

ಆರ್. ನಾಗೇಂದ್ರರಾವ್ (1896-1977): ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ರಂಗಪ್ರವೇಶ ಮಾಡಿದರು. ಸುಬ್ಬಯ್ಯ ನಾಯ್ಡು ಅವರ ಜೊತೆಗೂಡಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ಕಟ್ಟಿದರು. ‘ವಸಂತಸೇನಾ’ (1941), ‘ಸತ್ಯ ಹರಿಶ್ಚಂದ್ರ’ (1943), ‘ಮಹಾತ್ಮ ಕಬೀರ್’ (1947) ಚಿತ್ರಗಳ ಮೂಲಕ ಕನ್ನಡ ಚಿತ್ರರಂಗಕ್ಕೆ ನೆಲೆ ಒದಗಿಸಿದರು. ಇವರ ‘ಪ್ರೇಮದ ಪುತ್ರಿ’ (1957) ರಾಷ್ಟ್ರಮಟ್ಟದ ಮನ್ನಣೆ ಪಡೆಯಿತು. ‘ಹಣ್ಣೆಲೆ ಚಿಗುರಿದಾಗ’ (1968) ಚಿತ್ರದಲ್ಲಿ ಎಪ್ಪತ್ತನ್ನು ಮೀರಿದ ವಯಸ್ಸಿನಲ್ಲಿ ಇವರು ನೀಡಿದ ಅಭಿನಯವು ಸ್ಮರಣೀಯವಾದುದು. 1976ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿತು. ಛಾಯಾಗ್ರಾಹಕ ಆರ್.ಎನ್. ಕೃಷ್ಣಪ್ರಸಾದ್, ಗೀತರಚನಕಾರ ಆರ್.ಎನ್. ಜಯಗೋಪಾಲ್, ನಟ ಆರ್.ಎನ್. ಸುದರ್ಶನ್ ಇವರ ಪುತ್ರರು.

ಎಂ.ವಿ. ಸುಬ್ಬಯ್ಯ ನಾಯ್ಡು (1896-1962): ಕನ್ನಡ ವಾಕ್ಚಿತ್ರದ ಮೊದಲ ನಾಯಕ ನಟರು. ‘ಭೂಕೈಲಾಸ’ ನಾಟಕವು ಇವರ ಮಂಡಳಿಗೆ ಅಪಾರ ಜನಪ್ರಿಯತೆ ತಂದಿತು. ಅದೇ ಕಥೆಯು 1940ರಲ್ಲಿ ತೆಲುಗು ಚಿತ್ರವಾದಾಗ ರಾವಣನ ಪಾತ್ರವನ್ನು ಇವರೂ, ನಾರದನ ಪಾತ್ರವನ್ನು ನಾಗೇಂದ್ರರಾಯರೂ ವಹಿಸಿದರು. 1958ರಲ್ಲಿ ಕನ್ನಡದಲ್ಲಿ ‘ಭೂಕೈಲಾಸ’ ತೆರೆಕಂಡಾಗ ರಾವಣನ ಪಾತ್ರವು ಡಾ. ರಾಜ್‌ಕುಮಾರ್ ಅವರದಾಗಿತ್ತು. ಸುಬ್ಬಯ್ಯ ನಾಯ್ಡು ಅವರ ಪುತ್ರ ಲೋಕೇಶ್ (1947-2004) ಅವರು ‘ಭೂತಯ್ಯನ ಮಗ ಅಯ್ಯು’ (1974), ‘ಪರಸಂಗದ ಗೆಂಡೆತಿಮ್ಮ’ (1978) ಮೊದಲಾದ ಚಿತ್ರಗಳ ಮೂಲಕ ಕನ್ನಡದ ಶ್ರೇಷ್ಠ ನಟರ ಸಾಲಿನಲ್ಲಿ ಸ್ಥಾನ ಪಡೆದರು.

ಎಂ.ವಿ. ರಾಜಮ್ಮ ಮತ್ತು ಬಿ.ಆರ್. ಪಂತುಲು

ಎಚ್.ಎಲ್.ಎನ್. ಸಿಂಹ ಅವರ ನಾಟಕವನ್ನು ಆಧರಿಸಿ 1936ರಲ್ಲಿ ತೆರೆಕಂಡ ‘ಸಂಸಾರ ನೌಕಾ’ ಕನ್ನಡದ ಮೊದಲ ಸಾಮಾಜಿಕ ಚಿತ್ರವೆಂದು ಹೆಸರಾಗಿದೆ. ರಂಗಭೂಮಿಯಿಂದ ಬಂದ ಎಂ.ವಿ. ರಾಜಮ್ಮ (1921-1999) ಮತ್ತು ಬಿ.ಆರ್. ಪಂತುಲು (1910-1974) ಈ ಚಿತ್ರದ ಮೂಲಕ ಬೆಳ್ಳಿತೆರೆಗೆ ಪರಿಚಿತರಾದರು. ರಾಜಮ್ಮನವರು 1943ರಲ್ಲಿ ‘ರಾಧಾರಮಣ’ ಚಿತ್ರವನ್ನು ನಿರ್ಮಿಸಿ, ಕನ್ನಡದ ಮೊದಲ ಮಹಿಳಾ ನಿರ್ಮಾಪಕಿ ಎಂಬ ಹಿರಿಮೆಗೆ ಪಾತ್ರರಾದರು. ನಾಯಕಿಯ ಪಾತ್ರಗಳಿಂದ ತಾಯಿಯ ಪಾತ್ರಗಳವರೆಗೆ ಕನ್ನಡ, ತಮಿಳು ಮತ್ತು ತೆಲುಗು ಚಿತ್ರಗಳಲ್ಲಿ ಅವರು ದೀರ್ಘಕಾಲ ಅಭಿನಯಿಸಿದರು. ಪಂತುಲು ಅವರು ‘ಸ್ಕೂಲ್ ಮಾಸ್ಟರ್’ (1958), ‘ಕಿತ್ತೂರು ಚೆನ್ನಮ್ಮ’ (1961), ‘ಶ್ರೀಕೃಷ್ಣದೇವರಾಯ’ (1970) ಚಿತ್ರಗಳ ನಿರ್ದೇಶಕರಾಗಿ ಚಿರಸ್ಮರಣೀಯರಾಗಿದ್ದಾರೆ.

ಡಾ. ರಾಜ್‌ಕುಮಾರ್ (1929-2006)

ಗಾಜನೂರಿನಲ್ಲಿ 1929ರ ಏಪ್ರಿಲ್ 24ರಂದು ಜನಿಸಿದ ಇವರ ಮೊದಲ ಹೆಸರು ಮುತ್ತುರಾಜು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ಹೆಸರಾಂತ ನಟರು. ರೌದ್ರ ಪಾತ್ರಗಳಲ್ಲಿ ನುರಿತವರು. ಬಾಲಕ ಮುತ್ತುರಾಜನು ಶಾಲೆಯನ್ನು ಬಿಟ್ಟು ತಂದೆಯೊಡನೆ ಕಂಪನಿ ಸೇರಿದನು. ಗುಬ್ಬಿ ಕಂಪನಿಯಲ್ಲಿಯೂ, ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲಿಯೂ ದೊರೆತ ತರಬೇತಿಯಿಂದ ಸ್ಪಷ್ಟ ಉಚ್ಚಾರಣೆ, ಹಾಡುಗಾರಿಕೆ ಹಾಗೂ ಪಾತ್ರಕ್ಕೆ ಬೇಕಾದ ದೇಹಶಿಸ್ತು ಅವರಿಗೆ ಸಿದ್ಧಿಸಿದವು.

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ ಚಿತ್ರದ ನಾಯಕರಾಗಿ ಮುತ್ತುರಾಜು ಅವರು ರಾಜ್‌ಕುಮಾರ್ ಎಂಬ ಹೊಸ ಹೆಸರನ್ನು ಪಡೆದರು. ಮುಂದಿನ ಸುಮಾರು ಐದು ದಶಕಗಳಲ್ಲಿ ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಹಾಗೂ ಪತ್ತೇದಾರಿ ಕಥಾವಸ್ತುಗಳ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. ‘ಬೇಡರ ಕಣ್ಣಪ್ಪ’ದ ತೆಲುಗು ರೂಪವೊಂದನ್ನು ಹೊರತುಪಡಿಸಿದರೆ ಅವರು ನಾಯಕರಾಗಿ ಅಭಿನಯಿಸಿದುದು ಕನ್ನಡದಲ್ಲಿ ಮಾತ್ರ.

1960ರ ಸುಮಾರಿಗೆ ಕನ್ನಡ ಚಿತ್ರಗಳ ನಿರ್ಮಾಣವು ಕುಂಠಿತವಾಗಿ ಕಲಾವಿದರಿಗೆ ಕೆಲಸವಿಲ್ಲದಂತಾಯಿತು. ಆಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಜಿ.ವಿ. ಅಯ್ಯರ್ ಅವರು ಕಲಾವಿದರ ಸಂಘವನ್ನು ರಚಿಸಿಕೊಂಡು, ಮರಳಿ ರಂಗವನ್ನೇರಿ ನಾಡಿನ ಹಲವೆಡೆ ನಾಟಕಗಳನ್ನು ಆಡಿದರು. ಇದೇ ಗೆಳೆಯರು ‘ರಣಧೀರ ಕಂಠೀರವ’ (1960) ಚಿತ್ರವನ್ನು ನಿರ್ಮಿಸಿದರು. ಬೆಳ್ಳಿತೆರೆಯು ಕೈಬಿಟ್ಟಾಗ ಕಲಾವಿದರನ್ನು ರಂಗಭೂಮಿಯೇ ಕಾಯ್ದ ಪ್ರಸಂಗವೆಂದು ಇದನ್ನು ಸ್ಮರಿಸಬಹುದಾಗಿದೆ.

1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 1983ರಲ್ಲಿ ಪದ್ಮಭೂಷಣ, 1992ರಲ್ಲಿ ಕರ್ನಾಟಕ ರತ್ನ ಹಾಗೂ 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗಳು ಇವರಿಗೆ ಸಂದವು. ‘ಜೀವನ ಚೈತ್ರ’ (1992) ಚಿತ್ರದ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ ಲಭಿಸಿತು. 1982ರ ಗೋಕಾಕ್ ಚಳವಳಿಯಲ್ಲಿ ಅವರ ಪಾಲ್ಗೊಳ್ಳುವಿಕೆಯು ಚಳವಳಿಗೆ ಜನಬೆಂಬಲವನ್ನು ತಂದಿತು. 2006ರ ಏಪ್ರಿಲ್ 12ರಂದು ಬೆಂಗಳೂರಿನಲ್ಲಿ ನಿಧನರಾದ ಅವರ ನೇತ್ರಗಳನ್ನು ಅವರ ಇಚ್ಛೆಯಂತೆ ದಾನ ಮಾಡಲಾಯಿತು.

ಹಾಸ್ಯ ಹಾಗೂ ಪೋಷಕ ಪಾತ್ರಗಳ ಕಲಾವಿದರು

ಟಿ.ಆರ್. ನರಸಿಂಹರಾಜು (1923-1979): ತಿಪಟೂರಿನಲ್ಲಿ ಜನಿಸಿದ ಇವರು ಶೈಶವದಲ್ಲಿಯೇ ರಂಗವನ್ನೇರಿ, ಹಲವು ನಾಟಕ ಕಂಪನಿಗಳಲ್ಲಿ ದುಡಿದರು. ‘ಬೇಡರ ಕಣ್ಣಪ್ಪ’ ಚಿತ್ರದಿಂದ ಬೆಳ್ಳಿತೆರೆಯಲ್ಲಿ ನೆಲೆಯೂರಿ ಹಾಸ್ಯ ಚಕ್ರವರ್ತಿ ಎಂದು ಜನರಿಂದ ಕರೆಸಿಕೊಂಡರು. ‘ಪ್ರೊಫೆಸರ್ ಹುಚ್ಚೂರಾಯ’ (1974) ಚಿತ್ರದ ನಿರ್ಮಾಪಕರೂ ಹೌದು.

ಟಿ.ಎನ್. ಬಾಲಕೃಷ್ಣ (1911-1995): ಅರಸೀಕೆರೆಯವರು. ಶ್ರವಣದೋಷವಿದ್ದರೂ ಎದುರು ಪಾತ್ರಧಾರಿಯ ತುಟಿಚಲನೆಯನ್ನೂ ಮುಖಭಾವವನ್ನೂ ಗಮನಿಸಿ ಮಾತು ಒಪ್ಪಿಸುವ ಕೌಶಲವನ್ನು ಸಾಧಿಸಿಕೊಂಡಿದ್ದರು. ‘ರಾಧಾರಮಣ’ದಿಂದ ಆರಂಭಿಸಿ ನೂರಾರು ಚಿತ್ರಗಳಲ್ಲಿ ಹಾಸ್ಯ, ಖಳ ಹಾಗೂ ಪೋಷಕ ಪಾತ್ರಗಳನ್ನು ನಿರ್ವಹಿಸಿದರು. ಕನ್ನಡ ಚಿತ್ರಗಳು ಕರ್ನಾಟಕದಲ್ಲಿಯೇ ತಯಾರಾಗಬೇಕೆಂಬ ಹಂಬಲದಿಂದ ಬೆಂಗಳೂರಿನಲ್ಲಿ ಅಭಿಮಾನ್ ಸ್ಟುಡಿಯೋ ಸ್ಥಾಪಿಸಿದರು.

ಜಿ.ವಿ. ಅಯ್ಯರ್ (1917-2003): ಗುಬ್ಬಿ ಕಂಪನಿಯಲ್ಲಿ ವೃತ್ತಿಜೀವನ ಆರಂಭಿಸಿ, ನಟ, ಗೀತರಚನಕಾರ, ನಿರ್ಮಾಪಕ ಮತ್ತು ನಿರ್ದೇಶಕರಾಗಿ ಬೆಳೆದರು. ‘ಹಂಸಗೀತೆ’ (1975) ಇವರ ಪ್ರಮುಖ ಕನ್ನಡ ಚಿತ್ರ. ಇವರ ‘ಆದಿ ಶಂಕರಾಚಾರ್ಯ’ (1983) ಭಾರತದ ಮೊದಲ ಸಂಸ್ಕೃತ ಕಥಾಚಿತ್ರವಾಗಿದ್ದು, ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು.

ಉತ್ತರ ಕರ್ನಾಟಕ ಹಾಗೂ ಬಳ್ಳಾರಿ ಭಾಗದ ಕಲಾವಿದರು

ಏಣಗಿ ಬಾಳಪ್ಪ (1914-2017): ಬೆಳಗಾವಿ ಜಿಲ್ಲೆಯ ಏಣಗಿ ಗ್ರಾಮದ ಇವರು ಹಲವು ಕಂಪನಿಗಳಲ್ಲಿ ಸ್ತ್ರೀಪಾತ್ರಗಳಿಂದ ಮೊದಲ್ಗೊಂಡು ನಾಯಕ ಪಾತ್ರಗಳವರೆಗೆ ಅಭಿನಯಿಸಿ, ಕಲಾವೈಭವ ನಾಟ್ಯ ಸಂಘವನ್ನು ಸ್ಥಾಪಿಸಿದರು. ‘ಜಗಜ್ಯೋತಿ ಬಸವೇಶ್ವರ’ ನಾಟಕದ ಬಸವಣ್ಣನ ಪಾತ್ರವು ಇವರಿಗೆ ಚಿರಕೀರ್ತಿಯನ್ನು ತಂದಿತು. ಅವರ ಪತ್ನಿ ಲಕ್ಷ್ಮೀಬಾಯಿ ಅವರು ಅದೇ ಸಂಘದ ಪ್ರಮುಖ ನಟಿಯಾಗಿದ್ದರು. ನೂರು ವರ್ಷಗಳನ್ನು ದಾಟಿ ಬಾಳಿದ ಬಾಳಪ್ಪನವರು ವೃತ್ತಿ ರಂಗಭೂಮಿಯ ಏರಿಳಿತಗಳಿಗೆ ಜೀವಂತ ಸಾಕ್ಷಿಯಾಗಿದ್ದರು.

ಅಮೀರಬಾಯಿ ಕರ್ನಾಟಕಿ (ನಿಧನ 1965): ಬೀಳಗಿಯವರು. ಇವರೂ ಇವರ ಸಹೋದರಿ ಗೋಹರಬಾಯಿ ಅವರೂ ಗಾಯಕ ನಟಿಯರಾಗಿ ಪ್ರಸಿದ್ಧರು. ಗೋಹರಬಾಯಿ ಅವರು ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಕಂಪನಿಯಲ್ಲಿ ಅಭಿನಯಿಸಿದರೆ, ಅಮೀರಬಾಯಿ ಅವರು ಮುಂಬಯಿಗೆ ತೆರಳಿ ಹಿಂದಿ ಚಿತ್ರಗಳಲ್ಲಿ ನಟಿ ಹಾಗೂ ಹಿನ್ನೆಲೆ ಗಾಯಕಿಯಾಗಿ ಹೆಸರು ಗಳಿಸಿದರು. ‘ಕಿಸ್ಮತ್’ (1943) ಚಿತ್ರದ ಗೀತೆಗಳು ಅವರನ್ನು ದೇಶದ ಮನೆಮನೆಗೂ ಪರಿಚಯಿಸಿದವು. ವಿಜಯಪುರದಲ್ಲಿ ಅವರು ಸ್ಥಾಪಿಸಿದ ಚಿತ್ರಮಂದಿರವು ಅಮೀರ್ ಟಾಕೀಸ್ ಎಂದು ಹೆಸರಾಗಿತ್ತು.

ಬಳ್ಳಾರಿ ರಾಘವ (1880-1946): ವೃತ್ತಿಯಿಂದ ವಕೀಲರಾಗಿದ್ದ ಇವರು ತೆಲುಗು, ಕನ್ನಡ ಮತ್ತು ಇಂಗ್ಲಿಷ್ ಭಾಷೆಗಳ ನಾಟಕಗಳಲ್ಲಿ ಅಭಿನಯಿಸಿದರು. ಹಾಡಿನ ಅಬ್ಬರವೇ ಪ್ರಧಾನವಾಗಿದ್ದ ಕಾಲದಲ್ಲಿ ಸಹಜ ಅಭಿನಯಕ್ಕೆ ಒತ್ತು ನೀಡಿದರು. ‘ರೈತುಬಿಡ್ಡ’ (1939) ಇವರು ಅಭಿನಯಿಸಿದ ತೆಲುಗು ಚಿತ್ರಗಳಲ್ಲೊಂದು. ಬಳ್ಳಾರಿಯ ರಾಘವ ಕಲಾಮಂದಿರವು ಇವರ ಸ್ಮರಣಾರ್ಥವಾಗಿದೆ.

ಸುಭದ್ರಮ್ಮ ಮನ್ಸೂರು (1939-2020): ಬಳ್ಳಾರಿಯ ರಂಗಗಾಯಕಿ ಹಾಗೂ ನಟಿ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನಾಟಕದ ದ್ರೌಪದಿಯ ಪಾತ್ರದಿಂದ ನಾಡಿನಾದ್ಯಂತ ಪರಿಚಿತರಾಗಿದ್ದರು. ಹಳ್ಳಿಗಳ ಹವ್ಯಾಸಿ ತಂಡಗಳು ಆಹ್ವಾನಿಸಿದಲ್ಲಿಗೂ ತೆರಳಿ ಅಭಿನಯಿಸುತ್ತಿದ್ದ ಕಲಾವಿದೆಯರ ದೊಡ್ಡ ಬಳಗಕ್ಕೆ ಇವರು ಮಾದರಿಯಾಗಿದ್ದರು.

ಆರ್. ನಾಗರತ್ನಮ್ಮ (1926-2012)

ಮೈಸೂರಿನವರಾದ ನಾಗರತ್ನಮ್ಮನವರು ಬಾಲ್ಯದಲ್ಲಿಯೇ ರಂಗಭೂಮಿ ಪ್ರವೇಶಿಸಿ, ಹಲವು ಕಂಪನಿಗಳಲ್ಲಿ ಅಭಿನಯಿಸಿದ ಬಳಿಕ 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಸ್ಥಾಪಿಸಿದರು. ಈ ಮಂಡಳಿಯಲ್ಲಿ ಪುರುಷ ಪಾತ್ರಗಳನ್ನೂ ಮಹಿಳೆಯರೇ ನಿರ್ವಹಿಸುತ್ತಿದ್ದರು. ಕಂಸ, ರಾವಣ, ದುರ್ಯೋಧನರಂತಹ ಪಾತ್ರಗಳಲ್ಲಿ ನಾಗರತ್ನಮ್ಮನವರ ಗತ್ತು ಮತ್ತು ಕಂಠಶ್ರೀ ಪ್ರೇಕ್ಷಕರನ್ನು ಬೆರಗುಗೊಳಿಸುತ್ತಿದ್ದವು. ಒಂದು ಕಾಲದಲ್ಲಿ ಸ್ತ್ರೀಪಾತ್ರಕ್ಕೂ ಸ್ತ್ರೀಯರಿಗೆ ಅವಕಾಶವಿಲ್ಲದಿದ್ದ ರಂಗದ ಮೇಲೆ ಮಹಿಳೆಯೊಬ್ಬರು ಕಂಪನಿಯ ಒಡತಿಯಾಗಿ ನಿಂತದ್ದು ಕನ್ನಡ ರಂಗಭೂಮಿಯ ಇತಿಹಾಸದಲ್ಲಿ ಗಮನಾರ್ಹ ಘಟನೆ. ಇವರಿಗೆ 2012ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿತು.

ಮಾಸ್ಟರ್ ಹಿರಣ್ಣಯ್ಯ (1934-2019)

ಖ್ಯಾತ ನಟ ಕೆ. ಹಿರಣ್ಣಯ್ಯನವರ ಪುತ್ರರಾದ ಇವರ ಮೂಲ ಹೆಸರು ನರಸಿಂಹಮೂರ್ತಿ. 1953ರಲ್ಲಿ ತಂದೆಯವರು ನಿಧನರಾದ ಬಳಿಕ ಎಳೆಯ ವಯಸ್ಸಿನಲ್ಲಿಯೇ ಕಂಪನಿಯ ಹೊಣೆ ಇವರ ಹೆಗಲೇರಿತು. ಲಂಚಗುಳಿತನವನ್ನು ವಿಡಂಬಿಸುವ ‘ಲಂಚಾವತಾರ’ ನಾಟಕವು ಹತ್ತು ಸಾವಿರಕ್ಕೂ ಅಧಿಕ ಪ್ರದರ್ಶನಗಳನ್ನು ಕಂಡಿತು. ಅಂದಂದಿನ ವಿದ್ಯಮಾನಗಳನ್ನು ಸಂಭಾಷಣೆಯಲ್ಲಿ ಬೆರೆಸಿ ಅಧಿಕಾರಸ್ಥರನ್ನು ನೇರವಾಗಿ ಪ್ರಶ್ನಿಸುವುದು ಇವರ ರೀತಿಯಾಗಿತ್ತು. ‘ಮಕ್ಮಲ್ ಟೋಪಿ’, ‘ನಡುಬೀದಿ ನಾರಾಯಣ’ ಇವರ ಇತರ ಜನಪ್ರಿಯ ನಾಟಕಗಳು.

ಪರಂಪರೆಯ ಮುಂದುವರಿಕೆ

ವೃತ್ತಿ ಕಂಪನಿಗಳಲ್ಲಿ ಪಡೆದ ಸಂಸ್ಕಾರವು ಆಧುನಿಕ ರಂಗಭೂಮಿಗೂ ಹರಿದು ಬಂದಿತು. ಬಂಟ್ವಾಳ ತಾಲ್ಲೂಕಿನ ಮಂಚಿಯವರಾದ ಬಿ.ವಿ. ಕಾರಂತರು (1929-2002) ಬಾಲಕನಾಗಿ ಮನೆ ಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದವರು. ಅವರನ್ನು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದವರು ವೀರಣ್ಣನವರೇ. ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ಅವರು ನಿರ್ದೇಶಿಸಿದ ‘ಚೋಮನ ದುಡಿ’ (1975) ಚಿತ್ರವು ಸ್ವರ್ಣಕಮಲ ಪಡೆಯಿತು. 1989ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಂಗಾಯಣದ ಮೊದಲ ನಿರ್ದೇಶಕರೂ ಅವರೇ.

ವೀರಣ್ಣನವರ ಮೊಮ್ಮಗಳಾದ ಬಿ. ಜಯಶ್ರೀ ಅವರು ಸ್ಪಂದನ ತಂಡದ ಮೂಲಕ ‘ಕರಿಮಾಯಿ’, ‘ಲಕ್ಷಾಪತಿ ರಾಜನ ಕಥೆ’ ಮೊದಲಾದ ನಾಟಕಗಳನ್ನು ಪ್ರದರ್ಶಿಸಿದರು. 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡ ಇವರಿಗೆ 2013ರಲ್ಲಿ ಪದ್ಮಶ್ರೀ ಸಂದಿತು. ‘ಒಡಲಾಳ’ ನಾಟಕದ ಸಾಕವ್ವನ ಪಾತ್ರದಿಂದ ರಂಗಾಸಕ್ತರ ಮನಗೆದ್ದ ಉಮಾಶ್ರೀ ಅವರು ‘ಗುಲಾಬಿ ಟಾಕೀಸ್’ (2008) ಚಿತ್ರಕ್ಕಾಗಿ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿಗೆ ಪಾತ್ರರಾದರು ಹಾಗೂ 2013ರಿಂದ 2018ರವರೆಗೆ ರಾಜ್ಯದ ಸಚಿವರಾಗಿದ್ದರು.

ಕಲಾವಿದರ ಜೀವನ ಸ್ಥಿತಿ

ಮೇಲೆ ಹೆಸರಿಸಿದವರು ಕೀರ್ತಿಯ ಶಿಖರವನ್ನು ಏರಿದವರು. ಅವರೊಂದಿಗೆ ದುಡಿದ ಸಾವಿರಾರು ಕಲಾವಿದರ ಹೆಸರುಗಳು ಇಂದು ಯಾವ ಪುಸ್ತಕದಲ್ಲಿಯೂ ದೊರೆಯುವುದಿಲ್ಲ. ಸಿನಿಮಾ ಟಾಕೀಸುಗಳು ಊರೂರಿಗೂ ಬಂದ ಮೇಲೆ ಕಂಪನಿಗಳು ಒಂದೊಂದಾಗಿ ಮುಚ್ಚತೊಡಗಿದವು. ದೂರದರ್ಶನದ ಆಗಮನವು ಉಳಿದವುಗಳಿಗೂ ಪೆಟ್ಟು ನೀಡಿತು. ಕೆಲವರಿಗೆ ಚಿತ್ರರಂಗವು ಆಶ್ರಯ ನೀಡಿತು. ಬಹುಮಂದಿಗೆ ಅದು ಸಾಧ್ಯವಾಗಲಿಲ್ಲ. ಕಂಪನಿಯಲ್ಲಿ ಭವಿಷ್ಯನಿಧಿಯಾಗಲೀ, ನಿವೃತ್ತಿ ವೇತನವಾಗಲೀ ಇರಲಿಲ್ಲ. ಕಂಠ ಕುಗ್ಗಿದಾಗ, ದೇಹ ಸೋತಾಗ ದುಡಿಮೆಯೂ ನಿಂತಿತು.

ಇಂದಿಗೂ ಉತ್ತರ ಕರ್ನಾಟಕದಲ್ಲಿ ಹಲವು ವೃತ್ತಿ ಕಂಪನಿಗಳು ಉಳಿದುಕೊಂಡಿವೆ. ಬಾದಾಮಿ ಸಮೀಪದ ಬನಶಂಕರಿ ಜಾತ್ರೆಯಲ್ಲಿ ಹಲವು ಕಂಪನಿಗಳು ಏಕಕಾಲಕ್ಕೆ ಕ್ಯಾಂಪ್ ಹಾಕುವುದು ವಾಡಿಕೆ. ಜಾತ್ರೆಯ ಗಳಿಕೆಯೇ ವರ್ಷದ ಬಹುಪಾಲು ಆದಾಯವಾಗಿರುವುದರಿಂದ, 2020 ಮತ್ತು 2021ರ ಕೋವಿಡ್ ಅವಧಿಯಲ್ಲಿ ಪ್ರದರ್ಶನಗಳು ಸ್ಥಗಿತಗೊಂಡಾಗ ಈ ಕಲಾವಿದರು ತೀವ್ರ ಸಂಕಷ್ಟಕ್ಕೆ ಒಳಗಾದರು.

ಅರ್ಜಿದಾರರ ಗಮನಕ್ಕೆ: ದಾಖಲೆಗಳ ಮಹತ್ವ

ಕಷ್ಟಪರಿಸ್ಥಿತಿಯಲ್ಲಿರುವ ಹಿರಿಯ ಕಲಾವಿದರಿಗೆ ರಾಜ್ಯ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮೂಲಕ ಮಾಸಾಶನ ನೀಡುವ ವ್ಯವಸ್ಥೆ ಇದೆ. ಇಂತಹ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವಾಗ ಕಲಾಸೇವೆಯನ್ನು ತೋರಿಸುವ ಆಧಾರಗಳು ಅಗತ್ಯವಾಗುತ್ತವೆ. ಆದರೆ ಬಿಡಾರದಿಂದ ಬಿಡಾರಕ್ಕೆ ಸಂಚರಿಸಿದ ಕಲಾವಿದರ ಬಳಿ ನೇಮಕಾತಿ ಪತ್ರವಾಗಲೀ, ಸಂಬಳದ ಚೀಟಿಯಾಗಲೀ ಇರುವುದು ಅಪರೂಪ. ಜೀವಮಾನವಿಡೀ ದುಡಿದವರು ಕಾಗದವಿಲ್ಲದ ಕಾರಣಕ್ಕೆ ಹಿಂದೆ ಸರಿಯುವಂತಾಗಬಾರದು. ಈ ದೃಷ್ಟಿಯಿಂದ ಕೆಳಕಂಡ ಅಂಶಗಳನ್ನು ಕಲಾವಿದರೂ ಅವರ ಮಕ್ಕಳೂ ಗಮನಿಸುವುದು ಒಳಿತು.

1. ನಾಟಕದ ಕರಪತ್ರ, ಗೋಡೆಪತ್ರ, ಆಹ್ವಾನ ಪತ್ರಿಕೆ, ಸನ್ಮಾನ ಪತ್ರ, ಪತ್ರಿಕಾ ವರದಿ ಹಾಗೂ ಛಾಯಾಚಿತ್ರಗಳು ಕಲಾಸೇವೆಯ ಉತ್ತಮ ಆಧಾರಗಳು. ಹರಿದಿದ್ದರೂ, ಬಣ್ಣ ಮಾಸಿದ್ದರೂ ಅವುಗಳನ್ನು ಎಸೆಯಬಾರದು. ಮೂಲ ಪ್ರತಿಯನ್ನು ಮನೆಯಲ್ಲಿಯೇ ಇರಿಸಿಕೊಂಡು ನೆರಳಚ್ಚು ಪ್ರತಿಯನ್ನು ಸಲ್ಲಿಸುವುದು ಸೂಕ್ತ.

2. ಪ್ರತಿ ಛಾಯಾಚಿತ್ರದ ಹಿಂಬದಿಯಲ್ಲಿ ನಾಟಕದ ಹೆಸರು, ಪಾತ್ರ, ಕಂಪನಿ, ಊರು, ಅಂದಾಜು ವರ್ಷ ಹಾಗೂ ಚಿತ್ರದಲ್ಲಿರುವ ಇತರ ಕಲಾವಿದರ ಹೆಸರುಗಳನ್ನು ಪೆನ್ಸಿಲ್‌ನಿಂದ ಬರೆದಿಡಬೇಕು. ಒಬ್ಬರ ಚಿತ್ರವು ಜೊತೆಯವರಿಗೂ ಆಧಾರವಾಗಬಲ್ಲದು.

3. ಅನೇಕ ಕಲಾವಿದರು ರಂಗನಾಮದಿಂದಲೇ ಪರಿಚಿತರು. ಮುತ್ತುರಾಜು ರಾಜ್‌ಕುಮಾರ್ ಆದಂತೆ, ನರಸಿಂಹಮೂರ್ತಿ ಹಿರಣ್ಣಯ್ಯ ಆದಂತೆ, ಕರಪತ್ರದಲ್ಲಿರುವ ಹೆಸರೂ ಪಡಿತರ ಚೀಟಿ, ಆಧಾರ್ ಅಥವಾ ಬ್ಯಾಂಕ್ ಪುಸ್ತಕದಲ್ಲಿರುವ ಹೆಸರೂ ಬೇರೆಯಾಗಿರಬಹುದು. ಎರಡೂ ಹೆಸರುಗಳು ಒಬ್ಬರದೇ ಎಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸಿ, ಅದಕ್ಕೆ ಯಾವ ಪ್ರಮಾಣಪತ್ರ ಬೇಕೆಂಬುದನ್ನು ಕಛೇರಿಯಲ್ಲಿ ಮೊದಲೇ ವಿಚಾರಿಸಬೇಕು.

4. ಹಾರ್ಮೋನಿಯಂ ಮತ್ತು ತಬಲಾ ವಾದಕರು, ಪ್ರಸಾಧನ ಕಲಾವಿದರು, ಪರದೆ ಚಿತ್ರಕಾರರು ಮೊದಲಾದ ನೇಪಥ್ಯದವರ ಹೆಸರು ಕರಪತ್ರಗಳಲ್ಲಿ ಬರುವುದು ವಿರಳ. ಇಂತಹವರು ಜೊತೆಯಲ್ಲಿ ದುಡಿದ ಹಿರಿಯ ಕಲಾವಿದರಿಂದಲೋ ಕಂಪನಿಯ ಮಾಲೀಕರಿಂದಲೋ ಅವರು ಬದುಕಿರುವಾಗಲೇ ಲಿಖಿತ ಪತ್ರವನ್ನು ಪಡೆದಿಟ್ಟುಕೊಳ್ಳುವುದು ಉತ್ತಮ.

5. ವಯೋಮಿತಿ, ಸೇವಾವಧಿ, ಆದಾಯದ ಮಿತಿ ಹಾಗೂ ಮಾಸಾಶನದ ಮೊತ್ತವು ಸರ್ಕಾರದ ಆದೇಶಗಳಿಗೆ ಅನುಸಾರವಾಗಿ ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುತ್ತದೆ. ಆದುದರಿಂದ ಅರ್ಜಿ ಸಲ್ಲಿಸುವ ಮುನ್ನ ಜಾರಿಯಲ್ಲಿರುವ ನಿಯಮಗಳನ್ನು ಆಯಾ ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಛೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

‘ಸತಿ ಸುಲೋಚನಾ’ ಚಿತ್ರದ ಪ್ರತಿಯು ನಷ್ಟವಾದರೂ ಅದರ ಕಲಾವಿದರ ಹೆಸರುಗಳು ಉಳಿದಿರುವುದು ಯಾರೋ ಅವುಗಳನ್ನು ಬರೆದಿಟ್ಟ ಕಾರಣದಿಂದ. ಹಳ್ಳಿಯೊಂದರಲ್ಲಿ ನೆಲೆಸಿರುವ ಹಿರಿಯ ನಟಿಯ ಪೆಟ್ಟಿಗೆಯಲ್ಲಿರುವ ಒಂದು ಕರಪತ್ರವು ಆಕೆಯ ಮಾಸಾಶನಕ್ಕೆ ಆಧಾರವಾಗುವಂತೆಯೇ ನಾಡಿನ ರಂಗ ಇತಿಹಾಸದ ಒಂದು ಪುಟವೂ ಆಗಬಲ್ಲದು. ಇಂತಹ ದಾಖಲೆಗಳನ್ನು ಕಾಪಾಡಿಕೊಳ್ಳುವಲ್ಲಿ ಕಲಾವಿದರ ಕುಟುಂಬದವರ ಹಾಗೂ ಸಾರ್ವಜನಿಕರ ಸಹಕಾರವು ಅತ್ಯವಶ್ಯಕವಾಗಿದೆ.